ಅಂಟುವ ಉಕ್ಕು, ಅಂಟದ ಉಕ್ಕು

ಶಾಜಿಂಗ್, ಶೆನ್‌ಜೆನ್
11 ಮಾರ್ಚ್ 2018

ಗುರುಗಳಾದ ಕೋ ಬಾವ್‌ಶಾನ್ ಅವರಿಗೆ ಸೂವೆನ್ ಮಾಡುವ ನಮಸ್ಕಾರಗಳು.

ನಾಲ್ಕು ವರ್ಷ ಒಂದು ಸಾಲೂ ಬರೆಯದವಳು ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಎಂದು ನೀವು ಅಂದುಕೊಳ್ಳುತ್ತೀರಿ. ಅದು ನಿಜವೇ. ಆದ್ದರಿಂದ ಸುತ್ತಿ ಬಳಸಿ ಹೇಳಲು ಹೋಗುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಿವಿಯನ್ನು ಪಕ್ಕದ ಶೆಡ್ಡಿನ ಸುತ್ತಿಗೆ ಯಂತ್ರ ಯಾವತ್ತೋ ತಿಂದು ಹಾಕಿದೆ. ಮೊಬೈಲಿನಲ್ಲಿ ಚಿತ್ರ ಕಳಿಸಿದರೆ, ಅಳತೆಪಟ್ಟಿ ಇಟ್ಟು ನೋಡಲಾಗದ ಚಿತ್ರ ಚಿತ್ರವೇ ಅಲ್ಲ ಎನ್ನುವವರು ನೀವು. ಅದಕ್ಕೇ ಈ ಕಾಗದ, ಜೊತೆಗೊಂದು ಸಣ್ಣ ಡಬ್ಬಿ.

ನಾನು ಈಗ ಎಲೆಕ್ಟ್ರಾನಿಕ್ ಸಿಗರೇಟು ಮಾಡುವ ಕಾರ್ಖಾನೆಯಲ್ಲಿದ್ದೇನೆ. ಇದರಲ್ಲಿ ಬೆಂಕಿ ಇಲ್ಲ. ಕಿರುಬೆರಳಿನಷ್ಟು ದಪ್ಪದ ಉಕ್ಕಿನ ಕೊಳವೆಯೊಳಗೆ ತಂಬಾಕಿನ ಕಡ್ಡಿ ಇಡುತ್ತಾರೆ. ಕೊಳವೆಯ ಸುತ್ತ, ಅದಕ್ಕೆ ತಾಗದ ಹಾಗೆ, ತಾಮ್ರದ ಸುರುಳಿ. ಸುರುಳಿಗೆ ಕರೆಂಟು ಕೊಟ್ಟರೆ ಕೊಳವೆ ತಾನಾಗಿ ಕಾಯುತ್ತದೆ. ನಮ್ಮ ಲುವೋಯಾಂಗ್ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಶಾಫ್ಟನ್ನು ಕೆಂಪಗೆ ಕಾಯಿಸಿ, ಮೇಲೆ ನೀರು ಬಿಟ್ಟು ಹದ ಹಾಕುತ್ತಿದ್ದ ವಿದ್ಯೆಯೇ, ಜೇಬಿಗೆ ಹಿಡಿಸುವಷ್ಟು ಚಿಕ್ಕದಾಗಿದೆ.

ನಾನೇ ಕೈಯಾರೆ ಸುತ್ತಿದ ಹನ್ನೆರಡು ಮಾದರಿಗಳು ಇಪ್ಪತ್ತು ಸೆಕೆಂಡಿನಲ್ಲಿ ಕಾದವು. ಕಳೆದ ವಾರ ಯಂತ್ರದಲ್ಲಿ ಸುರುಳಿ ಸುತ್ತಿ ಮುನ್ನೂರು ಮಾಡಿಸಿದೆವು. ಒಂದೂ ಸರಿಯಾಗಿ ಕಾಯುತ್ತಿಲ್ಲ. ಒಂದು ನಿಮಿಷ ಹಿಡಿದರೂ ಕೊಳವೆ ಉಗುರುಬೆಚ್ಚಗಷ್ಟೇ ಆಗುತ್ತದೆ, ಬ್ಯಾಟರಿ ಮಾತ್ರ ಖಾಲಿಯಾಗುತ್ತದೆ. ಏಪ್ರಿಲ್ ಕೊನೆಗೆ ಕೊರಿಯಾದ ಗಿರಾಕಿಗಳು ಬರುತ್ತಾರೆ. ನಮ್ಮ ಮ್ಯಾನೇಜರ್ ಫಾಂಗ್, "ನಿನ್ನ ಸುರುಳಿ, ನಿನ್ನ ತಲೆನೋವು" ಎಂದು ಹೇಳಿ ಕೈ ತೊಳೆದುಕೊಂಡಿದ್ದಾರೆ. ಡಬ್ಬಿಯಲ್ಲಿ ಯಂತ್ರ ಸುತ್ತಿದ ನಾಲ್ಕು ಸುರುಳಿಗಳಿವೆ. ತಪ್ಪೆಲ್ಲಿದೆ ಎಂದು ದಯವಿಟ್ಟು ನೋಡಿ.

ಅಂದು ಇಡೀ ಶೆಡ್ಡಿನ ಮುಂದೆ ನೀವು ನನ್ನನ್ನು ಬೈದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದಕ್ಕೇ ಹೇಳದೆ ಕೇಳದೆ ಹೊರಟುಬಂದೆ. ಬರಬಾರದಿತ್ತು. ಅಮ್ಮನವರ ಮೊಣಕಾಲು ಹೇಗಿದೆ?

ನಿಮ್ಮ ಶಿಷ್ಯೆ,
ಜೀ ಸೂವೆನ್


ಲುವೋಯಾಂಗ್
19 ಮಾರ್ಚ್ 2018

ಸೂವೆನ್,

ಕಾಗದ ತಲುಪಿತು. ನಿನ್ನ ಅಕ್ಷರ ಇನ್ನೂ ಕೋಳಿ ಕೆರೆದ ಹಾಗೇ ಇದೆ. ಓದಿ ಹೇಳಿದವಳು ನೀನು ಅಮ್ಮ ಎನ್ನುವ ನನ್ನ ಹೆಂಡತಿ, ಕನ್ನಡಕ ಅವಳ ಕೈಯಲ್ಲಿತ್ತು. ಓದುತ್ತ ಓದುತ್ತ ಎರಡು ಸಲ ನಿಲ್ಲಿಸಿ ಮೂಗು ಒರೆಸಿಕೊಂಡಳು. ಮೊಣಕಾಲು ಹಾಗೇ ಇದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ.

ಗಿಯರಿನ ಹಲ್ಲು ಗಟ್ಟಿ ಮಾಡುವ ವಿದ್ಯೆ ಕಲಿಸಿದೆ, ನೀನು ಅದರಲ್ಲಿ ಜನರ ಬಾಯಿಗೆ ಹೊಗೆ ಕಾಯಿಸುತ್ತಿದ್ದೀಯ. ಇರಲಿ. ನಾನು ಸಿಗರೇಟು ಬಿಟ್ಟು ಒಂಬತ್ತು ವರ್ಷವಾಯಿತು. ನಿನ್ನ ಯಂತ್ರವನ್ನು ಬಾಯಿಗಿಡುವುದಿಲ್ಲ, ಸುರುಳಿಯನ್ನು ಮಾತ್ರ ನೋಡುತ್ತೇನೆ.

ನಿವೃತ್ತನಾಗಿ ಎರಡು ವರ್ಷವಾದರೂ ಗೇಟಿನವನು ನನ್ನನ್ನು ಒಳಗೆ ಬಿಡುತ್ತಾನೆ. ಬೆಳಿಗ್ಗೆ ದನದ ಮಾಂಸದ ಸಾರು ಕುಡಿದು ನೇರ ಶೆಡ್ಡಿಗೆ ಹೋದೆ. ನಾಲ್ಕು ಸುರುಳಿಯನ್ನೂ ಅಳೆದೆ. ಸುತ್ತುಗಳ ಸಂಖ್ಯೆ ಸರಿ, ನಡುವಿನ ಅಂತರ ಸರಿ. ನಾನೂ ಪೆನ್ಸಿಲ್ ಮೇಲೆ ಮೂರು ಸುತ್ತಿದೆ. ಯಂತ್ರದ ಕೆಲಸ ನನ್ನ ಕೆಲಸಕ್ಕಿಂತ ಚೆನ್ನಾಗಿದೆ. ಇದನ್ನು ಬರೆಯಲು ನನಗೇನೂ ಖುಷಿಯಿಲ್ಲ.

ಸುರುಳಿ ಕಳಿಸಿದೆ, ಕಾಯಬೇಕಾದ ಕೊಳವೆ ಕಳಿಸಲಿಲ್ಲ. ಒಲೆ ಕಳಿಸಿ ಪಾತ್ರೆ ಮನೆಯಲ್ಲಿ ಇಟ್ಟುಕೊಂಡರೆ ನಾನೇನು ನೋಡಲಿ? ಸರಿಯಾಗಿ ಕಾದ ಕೊಳವೆ ಮೂರು, ಕಾಯದ್ದು ಮೂರು, ಬೇರೆ ಬೇರೆ ಕಾಗದದಲ್ಲಿ ಸುತ್ತಿ ಕಳಿಸು.

ಬೈದ ವಿಷಯ ಬರೆದಿದ್ದೀಯ. ನೆನಪಿದೆ.

ನಿನ್ನ ಗುರು,
ಕೋ


ಶಾಜಿಂಗ್
23 ಮಾರ್ಚ್ 2018

ಗುರುಗಳೇ,

ಆರು ಕೊಳವೆಗಳೂ ಇದರ ಜೊತೆಯಲ್ಲಿವೆ. ಬಿಳಿ ಕಾಗದದಲ್ಲಿರುವವು ಕಾಯುವಂಥವು, ನೀಲಿಯದರಲ್ಲಿರುವವು ಕಾಯದಂಥವು. ನನ್ನ ಕಣ್ಣಿಗೆ ನೀಲಿಯವೇ ಹೆಚ್ಚು ಹೊಳಪಾಗಿ, ಅಂದವಾಗಿ ಕಾಣುತ್ತವೆ. ಆದ್ದರಿಂದ ಅವುಗಳ ಮೇಲೆ ನನಗೆ ಅನುಮಾನವಿಲ್ಲ, ಆದರೂ ನೀವು ಹೇಳಿದ್ದೀರೆಂದು ಕಳಿಸುತ್ತಿದ್ದೇನೆ. ಇಲ್ಲಿ ಮೂರು ದಿನದಿಂದ ಬ್ಯಾಟರಿ, ಚಿಪ್, ಬೆಸುಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದಾಯಿತು. ಫಾಂಗ್ ಮಾತು ಬಿಟ್ಟಿದ್ದಾರೆ, ಅದೇ ಹೆಚ್ಚು ಭಯ.

ಅಮ್ಮನವರಿಗೆ ಮೊಣಕಾಲಿಗೆ ಕಟ್ಟುವ ಉಣ್ಣೆಪಟ್ಟಿ ಇಟ್ಟಿದ್ದೇನೆ.

ನಿಮ್ಮ
ಸೂವೆನ್


ಲುವೋಯಾಂಗ್
2 ಏಪ್ರಿಲ್ 2018

ಸೂವೆನ್,

ಊರಿನಲ್ಲಿ ಪಿಯೋನಿ ಹೂ ಅರಳಿದೆ. ನೋಡಲು ಬಂದವರಿಂದಾಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಶೆಡ್ಡಿಗೆ ನಡೆದೇ ಹೋಗಿ ಬಂದೆ. ಹೋಗಿದ್ದು ದಂಡ. ಉತ್ತರ ನಮ್ಮ ಅಡುಗೆಮನೆಯಲ್ಲಿತ್ತು.

ಮನೆಗೆ ಬಂದು ಆರು ಕೊಳವೆಗಳನ್ನೂ ಫ್ರಿಜ್ಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಬಾಗಿಲಿಗೆ ನಿನ್ನ ಅಮ್ಮ ಅಂಟಿಸಿಟ್ಟ ಹುಂಜದ ಆಕಾರದ ಅಯಸ್ಕಾಂತವಿದೆಯಲ್ಲ, ಅದನ್ನು ಕಿತ್ತು ಒಂದೊಂದಕ್ಕೂ ಹಿಡಿದೆ. ಬಿಳಿ ಕಾಗದದ ಮೂರೂ ಅದಕ್ಕೆ ಅಂಟಿಕೊಂಡವು. ನೀಲಿ ಕಾಗದದ ಮೂರೂ ಅಲುಗಾಡಲಿಲ್ಲ.

ಹುಡುಗೀ, ಎರಡೂ ತುಕ್ಕು ಹಿಡಿಯದ ಉಕ್ಕೇ. ಆದರೆ ಬೇರೆ ಬೇರೆ ಜಾತಿ. ಅಯಸ್ಕಾಂತಕ್ಕೆ ಅಂಟುವುದು ಸುರುಳಿಯ ಮಾತು ಕೇಳುತ್ತದೆ, ಬೇಗ ಕಾಯುತ್ತದೆ. ಅಂಟದ್ದು ಕೇಳಿಯೂ ಕೇಳದ ಹಾಗೆ ಕೂತಿರುತ್ತದೆ, ನನ್ನ ಹಾಗೆ. ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವಾಗ ಅಂಗಡಿಯಲ್ಲಿ ಹೆಂಗಸರು ತಳಕ್ಕೆ ಅಯಸ್ಕಾಂತ ಹಿಡಿದು ನೋಡುವುದು ಯಾಕೆ? ಕಾಲೇಜು ಓದಿದವಳಿಗೆ ನಾನು ಇದನ್ನು ಬರೆಯಬೇಕಾಯಿತು.

ಯಾರೋ ನಿನಗೆ ಒಳ್ಳೆಯ ಉಕ್ಕು ಕೊಟ್ಟಿದ್ದಾರೆ. ನಿನಗೆ ಬೇಕಾಗಿದ್ದದ್ದು ಒಳ್ಳೆಯದಲ್ಲ, ಸರಿಯಾದದ್ದು. ಎಲ್ಲಿ ಬದಲಾಯಿತು ಎಂದು ಹುಡುಕು.

ನಿನ್ನ ಗುರು,
ಕೋ


ಶಾಜಿಂಗ್
10 ಏಪ್ರಿಲ್ 2018

ಗುರುಗಳೇ,

ನಿಮ್ಮ ಕಾಗದ ಓದಿ ನೇರ ಕೆಲಸದ ಮೇಜಿಗೆ ಓಡಿದೆ. ಬಿಳಿ ಕಾಗದದ ಜಾತಿಯ ಕೊಳವೆ ಹಾಕಿ ನೋಡಿದೆ, ಯಂತ್ರದ ಸುರುಳಿಯಲ್ಲೇ ಹತ್ತೊಂಬತ್ತು ಸೆಕೆಂಡಿಗೆ ಕಾಯಿತು. ನಿಮಗೆ ಹೇಗೆ ಕೃತಜ್ಞತೆ ಹೇಳಲಿ ಎಂದು ಗೊತ್ತಾಗುತ್ತಿಲ್ಲ. ನನ್ನ ಕೆಲಸ ಉಳಿಯಿತು.

ಆದರೆ ಹುಡುಕು ಎಂದಿರಲ್ಲ, ಹುಡುಕಿದೆ.

ಹೊರಗಿನಿಂದ ಬಂದ ಸಾಮಾನನ್ನು ತಪಾಸಣೆ ಮಾಡುವ ಮೇಜಿನಲ್ಲಿ ಲ್ಯಾವ್ ಗ್ವೇಶ್ಯೂ ಎಂಬ ಹೆಂಗಸು ಕೂರುತ್ತಾರೆ. ಹುನಾನಿನವರು, ಐವತ್ತರ ಹತ್ತಿರದ ವಯಸ್ಸು. ಎಲ್ಲರೂ ಅವರನ್ನು ಲ್ಯಾವ್ ಚಿಕ್ಕಮ್ಮ ಎನ್ನುತ್ತೇವೆ. ಕೊಳವೆಯ ವಿಷಯ ಕೇಳಿದ್ದೇ ತಡ, ಅವರ ಮುಖ ಅರಳಿತು. ಎದೆಯ ಜೇಬಿನಿಂದ ಅಯಸ್ಕಾಂತ ತೆಗೆದು ತೋರಿಸಿದರು.

"ಇದಿದೆ ನೋಡಮ್ಮ, ಇದರ ಮುಂದೆ ಯಾರ ಆಟವೂ ನಡೆಯೋಲ್ಲ. ಅಂಟಿದ್ರೆ ನಕಲಿ ಸ್ಟೀಲು, ಅಂಟದೆ ಇದ್ರೆ ಅಸಲಿ. ನಮ್ಮೂರ ಸಂತೇಲಿ ಬಾಂಡ್ಲಿ ಕೊಳ್ಳೋ ಮುದುಕೀಗೂ ಗೊತ್ತು. ನಿಮ್ಮ ಕೊಳವೆಯವನು ನಕಲಿ ಮಾಲು ತಂದು ಸುರೀತಿದ್ದ. ಮೂರು ಸಲ ವಾಪಸ್ ಕಳಿಸಿದೆ. ನಾಲ್ಕನೇ ಸಲಕ್ಕೆ ದಾರಿಗೆ ಬಂದ."

ಕೊಳವೆಯವನು ಗಿರಾಕಿಯನ್ನು ಕಳೆದುಕೊಳ್ಳಲಾರದೆ, ದುಬಾರಿ ಉಕ್ಕನ್ನು ಅದೇ ಬೆಲೆಗೆ ಕೊಟ್ಟಿದ್ದಾನೆ. ಲ್ಯಾವ್ ಚಿಕ್ಕಮ್ಮ ಕಂಪನಿಗೆ ಉಪಕಾರ ಮಾಡಿದೆ ಎಂದೇ ತಿಳಿದಿದ್ದರು. ನಾನು ನಿಜ ಹೇಳಿದಾಗ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

ಫಾಂಗ್‌ಗೆ ವಿಷಯ ತಿಳಿಯಿತು. "ಇಷ್ಟು ವರ್ಷ ಕೂತು ಅಯಸ್ಕಾಂತದಲ್ಲಿ ಆಟ ಆಡಿಕೊಂಡಿದ್ದಳಾ? ತಿಂಗಳ ಕೊನೆಗೆ ಮನೆಗೆ ಹೋಗಲಿ" ಎಂದರು. ಪಿಂಚಣಿಗೆ ಹದಿನೈದು ವರ್ಷದ ಕಂತು ತುಂಬಬೇಕಲ್ಲ, ಚಿಕ್ಕಮ್ಮನಿಗೆ ಇನ್ನು ಹನ್ನೊಂದು ತಿಂಗಳು ಬಾಕಿ. ಈ ವಯಸ್ಸಿನಲ್ಲಿ ಬೇರೆ ಯಾವ ಕಾರ್ಖಾನೆಯೂ ಅವರನ್ನು ಸೇರಿಸಿಕೊಳ್ಳುವುದಿಲ್ಲ. ಇದು ಫಾಂಗ್‌ಗೂ ಗೊತ್ತು, ಚಿಕ್ಕಮ್ಮನಿಗೂ ಗೊತ್ತು.

ಇನ್ನೊಂದು ವಿಷಯವಿದೆ. ಸಂಜೆ ನನ್ನ ಹಳೆಯ ಡ್ರಾಯಿಂಗುಗಳನ್ನು ತೆಗೆದು ನೋಡಿದೆ. ಮೊದಲನೆಯದರಲ್ಲಿ ಉಕ್ಕಿನ ಜಾತಿಯ ಸಂಖ್ಯೆ ಬರೆದಿದ್ದೇನೆ. ಎರಡನೇ ಸಲ ತಿದ್ದಿದ್ದರಲ್ಲಿ ಆ ಸಂಖ್ಯೆ ಬಿಟ್ಟುಹೋಗಿದೆ. "ತುಕ್ಕು ಹಿಡಿಯದ ಉಕ್ಕು" ಎಂದಷ್ಟೇ ಇದೆ. ಕೆಳಗೆ ನನ್ನ ಸಹಿ. ತಪಾಸಣೆ ಮೇಜಿಗೆ ಹೋದದ್ದು ಈ ಎರಡನೆಯದು. ಸಂಖ್ಯೆ ಇಲ್ಲದ ಮೇಲೆ ಆಕೆ ತನಗೆ ಗೊತ್ತಿದ್ದ ರೀತಿಯಲ್ಲಿ ಪರೀಕ್ಷೆ ಮಾಡಿದ್ದಾರೆ.

ಇದನ್ನು ಫಾಂಗ್ ನೋಡಿಲ್ಲ. ನಾನು ನೋಡಿದೆ. ಈಗ ನಿಮಗೆ ಹೇಳಿದ್ದೇನೆ.

ನಿಮ್ಮ
ಸೂವೆನ್


ಲುವೋಯಾಂಗ್
16 ಏಪ್ರಿಲ್ 2018

ಸೂವೆನ್,

ಏನು ಮಾಡಲಿ ಎಂದು ನೀನು ಕೇಳಿಲ್ಲ. ನಾನೂ ಹೇಳುವುದಿಲ್ಲ. ಆ ದಿನದ ವಿಷಯ ಮಾತ್ರ ಬರೆಯುತ್ತೇನೆ.

ಇಪ್ಪತ್ತಾರು ಶಾಫ್ಟುಗಳು ನೀರು ಬಿದ್ದ ತಕ್ಷಣ ಸೀಳಿಹೋದವು. ಯಂತ್ರದ ಮುಂದೆ ಇದ್ದವಳು ನೀನು. ಮೂರು ಸೆಕೆಂಡು ಬೀಳಬೇಕಾದ ನೀರು ಐದು ಸೆಕೆಂಡು ಬಿದ್ದಿತ್ತು. ಆಫೀಸಿನ ಗುಮಾಸ್ತ ಕಾಗದ ಪೆನ್ನು ಹಿಡಿದು ಬಂದು ನಿಂತಿದ್ದ. ಆಗ ನಾನು ಬಾಯಿ ತೆಗೆದೆ. ನೀನು ಬಗ್ಗಿಸಿದ ತಲೆ ಎತ್ತಲಿಲ್ಲ, ಆದ್ದರಿಂದ ಅವನನ್ನು ನೋಡಲಿಲ್ಲ. ನಮ್ಮ ಶೆಡ್ಡಿನ ರೀತಿ ನಿನಗೆ ಗೊತ್ತು. ಗುರು ಎಲ್ಲರ ಮುಂದೆ ಬೈದರೆ ಶಿಕ್ಷೆ ಆಯಿತು ಎಂದು ಲೆಕ್ಕ, ಆಮೇಲೆ ಆಫೀಸು ಅದನ್ನು ದಾಖಲೆಯಲ್ಲಿ ಬರೆಯುವುದಿಲ್ಲ. ಕಾಲು ಗಂಟೆ ಬೈದೆ. ಅವನು ಕಾಗದ ಮಡಿಚಿ ಜೇಬಿಗಿಟ್ಟು ಹೋದ. ಬರೆದಿದ್ದರೆ ನಿನ್ನ ಹೆಸರಿಗೆ ಜನ್ಮಪೂರ್ತಿ ಅಂಟಿಕೊಳ್ಳುತ್ತಿತ್ತು, ಶೆನ್‌ಜೆನ್ನಿನಲ್ಲಿ ಯಾರೂ ನಿನ್ನನ್ನು ಒಳಗೆ ಬಿಡುತ್ತಿರಲಿಲ್ಲ.

ಇಷ್ಟೇ. ಉಣ್ಣೆಪಟ್ಟಿ ಚೆನ್ನಾಗಿದೆಯಂತೆ. ಮಲಗುವಾಗಲೂ ಬಿಚ್ಚುವುದಿಲ್ಲ.

ನಿನ್ನ ಗುರು,
ಕೋ


ಶಾಜಿಂಗ್
24 ಏಪ್ರಿಲ್ 2018

ಪ್ರೀತಿಯ ಗುರುಗಳೇ,

ನಾಲ್ಕು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಅದು ಎಂಥ ಸಿಟ್ಟು ಎಂದರೆ, ನಿಮ್ಮ ಊರಿನವರು ಯಾರಾದರೂ ಸಿಕ್ಕರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಅತ್ತೆ. ನನ್ನ ಹೆಸರು ಉಳಿಸಲು ಒಬ್ಬರು ನನ್ನ ಕಣ್ಣಲ್ಲಿ ಕೆಟ್ಟವರಾದರಲ್ಲ, ಅದನ್ನು ನೆನೆದರೆ ನಾಚಿಕೆಯೂ ಆಗುತ್ತದೆ, ಮನಸ್ಸು ತುಂಬಿಯೂ ಬರುತ್ತದೆ.

ನಿನ್ನೆ ಸೋಮವಾರ. ಬೆಳಿಗ್ಗೆ ಪಾಳಿ ಶುರುವಾಗುವ ಮುನ್ನ ಎಲ್ಲರೂ ಸಾಲಾಗಿ ನಿಲ್ಲುತ್ತೇವೆ. ಫಾಂಗ್ ಲ್ಯಾವ್ ಚಿಕ್ಕಮ್ಮನ ಹೆಸರು ಕೂಗಿ, ತಪಾಸಣೆ ಅಂದರೆ ಹೀಗೆ ಇರಬಾರದು ಎಂದು ಶುರು ಮಾಡಿದರು. ನಾನು ಎರಡು ಡ್ರಾಯಿಂಗುಗಳನ್ನೂ ಹಿಡಿದು ಮುಂದೆ ಹೋದೆ. "ಸಂಖ್ಯೆ ಬಿಟ್ಟವಳು ನಾನು. ಸಹಿ ನನ್ನದು. ಚಿಕ್ಕಮ್ಮನ ಕೈಗೆ ಬಂದ ಹಾಳೆಯಲ್ಲಿ ಉಕ್ಕಿನ ಜಾತಿಯೇ ಇರಲಿಲ್ಲ" ಎಂದೆ. ಇನ್ನೂರು ಜನ ಇದ್ದರು.

ಮೊದಲು ಬಾಯಿ ಬಿಟ್ಟವರು ಫಾಂಗ್ ಅಲ್ಲ. ಲ್ಯಾವ್ ಚಿಕ್ಕಮ್ಮ ಸಾಲು ಬಿಟ್ಟು ಬಂದು ನನ್ನ ಕೈಯಿಂದ ಹಾಳೆ ಕಿತ್ತುಕೊಂಡರು.

"ಮೂರು ಅಂಕೆ ಬರೆಯೋಕೆ ನಿನ್ನ ಕೈಗೇನು ದೊಡ್ಡರೋಗ ಬಂದಿತ್ತೇ? ಅನ್ನ ತಿನ್ನೋದು ಮರೀತೀಯಾ? ಸಂಬಳ ತಗೊಳ್ಳೋದು ಮರೀತೀಯಾ? ಎರಡು ವಾರದಿಂದ ನಾನು ಕಣ್ಣು ಮುಚ್ಚಿಲ್ಲ. ಗಂಡನಿಗೆ ಹೇಳೋಕೆ ಮುಖ ಇಲ್ಲದೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೀನಿ. ಈಗ ಬಂದು ಹೇಳ್ತಾಳೆ, ಸಂಖ್ಯೆ ಬಿಟ್ಟುಹೋಯ್ತಂತೆ."

ಹಾಗೇ ಬೈದರು, ಉಸಿರು ತೆಗೆಯದೆ. ಹುನಾನಿನವರ ಬಾಯಿ ನಿಮಗೆ ಗೊತ್ತಿಲ್ಲ. ನಾನು ತಲೆ ಬಗ್ಗಿಸಿ ನಿಂತಿದ್ದೆ, ಆದರೆ ಈ ಸಲ ನನಗೆ ಅವಮಾನವೆನಿಸಲಿಲ್ಲ. ನಡುವೆ ಯಾರೋ ನಕ್ಕರು, ಆಮೇಲೆ ಎಲ್ಲರೂ. ಫಾಂಗ್ ಕೂಡ, "ಸಾಕು ಬಿಡಮ್ಮ, ಹುಡುಗಿ ಸತ್ತೇ ಹೋಗ್ತಾಳೆ" ಎಂದರು. ಚಿಕ್ಕಮ್ಮನನ್ನು ಮನೆಗೆ ಕಳಿಸುವ ಮಾತು ಅಲ್ಲಿಗೇ ನಿಂತಿತು.

ನನಗೆ ಏನೂ ಆಗಲಿಲ್ಲ. ಕಿಟಕಿಯ ಪಕ್ಕದ ಒಂದು ಮೇಜು ಕೊಟ್ಟಿದ್ದಾರೆ, ಒಳ್ಳೆಯ ಬೆಳಕು ಬರುತ್ತದೆ. ನೀವು ಚಿಂತೆ ಮಾಡಬೇಡಿ. ಈ ಜನ್ಮದಲ್ಲಿ ನಿಮ್ಮ ಋಣ ತೀರುವುದಿಲ್ಲ.

ನಿಮ್ಮ ಶಿಷ್ಯೆ,
ಸೂವೆನ್


ಶಾಜಿಂಗ್
28 ಮಾರ್ಚ್ 2019

ಮಾನ್ಯರಾದ ಕೋ ಗುರುಗಳಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ಲ್ಯಾವ್ ಗ್ವೇಶ್ಯೂ, ಅಯಸ್ಕಾಂತ ಹಿಡಿದು ನಿಮ್ಮ ಶಿಷ್ಯೆಯ ಕೆಲಸ ಹಾಳು ಮಾಡಿದವಳು. ನಾನು ಓದಿದ್ದು ಐದನೇ ತರಗತಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ವಿಳಾಸವನ್ನು ಸೂವೆನ್ ಪುಸ್ತಕದಿಂದ ಕದ್ದೆ.

ಮೊನ್ನೆಗೆ ನನ್ನ ಹದಿನೈದು ವರ್ಷ ತುಂಬಿತು. ಪಿಂಚಣಿ ಕಾರ್ಡು ಕೈಗೆ ಬಂತು. ನನ್ನ ಗಂಡ ಅದನ್ನು ನಾಲ್ಕು ಸಲ ತಿರುಗಿಸಿ ನೋಡಿ ಅಕ್ಕಿಯ ಡಬ್ಬದಲ್ಲಿಟ್ಟಿದ್ದಾನೆ. ಮುಂದಿನ ವಾರ ಊರಿಗೆ ಹೋಗುತ್ತೇವೆ. ಹೋಗುವ ಮುಂಚೆ ನಿಮಗೆ ಒಂದು ವಿಷಯ ಹೇಳಬೇಕು, ಇನ್ನೊಂದು ವಿಷಯ ಕೇಳಬೇಕು.

ಹೇಳಬೇಕಾದದ್ದು ಇದು. ಸೂವೆನ್ ನಿಮಗೆ ಕಿಟಕಿಯ ಪಕ್ಕದ ಮೇಜು ಎಂದು ಬರೆದಿದ್ದಾಳಂತೆ. ಅದು ನನ್ನ ಮೇಜು. ಫಾಂಗ್ ಅವಳನ್ನು ಡ್ರಾಯಿಂಗಿನ ಕೆಲಸದಿಂದ ತೆಗೆದು ನನ್ನ ಕೈಕೆಳಗೆ ತಪಾಸಣೆಗೆ ಹಾಕಿದರು. ಹತ್ತು ತಿಂಗಳು ಅವಳು ಸ್ಕ್ರೂ ಎಣಿಸಿದಳು, ಕೊಳವೆ ಅಳೆದಳು. ಕೊರಿಯಾದವರು ಬಂದು ಯಂತ್ರ ನೋಡಿ ಬಾಯಿ ತುಂಬ ಹೊಗಳಿದರು, ಈ ಸುರುಳಿ ಯಾರದ್ದು ಎಂದು ಕೇಳಿದರು. ಫಾಂಗ್ "ನಮ್ಮ ತಂಡದ್ದು" ಎಂದರು. ಅವಳು ಅಲ್ಲೇ ಇದ್ದಳು, ಕೈಯಲ್ಲಿ ಸ್ಕ್ರೂ ಡಬ್ಬಿ ಇತ್ತು. ನಾನು ಎದ್ದು ಬಾಯಿ ಹಾಕಲು ಹೋದರೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಒಂದು ದಿನವೂ ನನ್ನ ಮೇಲೆ ಮುನಿಸು ತೋರಿಸಲಿಲ್ಲ. ಬೇರೆಯವರಾಗಿದ್ದರೆ ನನ್ನ ಅನ್ನದಲ್ಲಿ ಉಗುಳುತ್ತಿದ್ದರು.

"ಯಾಕೆ ಹಾಗೆ ಒಪ್ಪಿಕೊಂಡೆ, ನಾನು ನಿನಗೇನಾಗಬೇಕು" ಎಂದು ಒಮ್ಮೆ ಕೇಳಿದೆ. "ನನಗೋಸ್ಕರ ಒಬ್ಬರು ಹಾಗೆ ಮಾಡಿದ್ರು ಚಿಕ್ಕಮ್ಮ, ನನಗೆ ಗೊತ್ತೇ ಇರಲಿಲ್ಲ" ಎಂದಳು. ಆಮೇಲೆ ನಿಮ್ಮ ಕಥೆ ಹೇಳಿದಳು. ಅಂದಿನಿಂದ ನನ್ನ ಗಂಡ ಮತ್ತು ನಾನು ಊಟಕ್ಕೆ ಕೂತಾಗ ನಿಮ್ಮ ಹೆಸರು ಹೇಳದ ದಿನವಿಲ್ಲ. ನನ್ನ ಮುಪ್ಪಿನ ಅನ್ನ ನಿಮ್ಮಿಂದ ಬಂದದ್ದು.

ಕೇಳಬೇಕಾದದ್ದು ಇದು. ಕಳೆದ ತಿಂಗಳು ಅವಳನ್ನು ಮತ್ತೆ ಡ್ರಾಯಿಂಗಿಗೆ ಕರೆದರು. ಹೋಗುವ ದಿನ ನನಗೆ ಚಹಾ ತಂದುಕೊಟ್ಟು, "ಸಾಮಾನು ನೋಡುವುದನ್ನು ಕಲಿಸಿದವರು ನೀವು ಚಿಕ್ಕಮ್ಮ, ನಿಮ್ಮನ್ನು ಗುರುಗಳೇ ಎಂದು ಕರೆಯಲೇ" ಎಂದಳು. ಆ ಚಹಾ ಕುಡಿದರೆ ಶಿಷ್ಯೆಯಾಗಿ ಒಪ್ಪಿಕೊಂಡ ಹಾಗೆ, ನಾನು ಕುಡಿದುಬಿಟ್ಟೆ. ಮೊದಲ ಗುರುವಿನ ಒಪ್ಪಿಗೆ ಇಲ್ಲದೆ ಎರಡನೇ ಗುರುವಿಗೆ ಶಿಷ್ಯರಾಗಬಾರದು ಎಂದು ನನ್ನ ಗಂಡ ಆಮೇಲೆ ಹೇಳಿದ. ಆದ್ದರಿಂದ ಕೇಳುತ್ತಿದ್ದೇನೆ. ನೀವು ಬೇಡ ಎಂದರೆ ಬೇಡ. ಹೊಗೆ ಹಾಕಿದ ಹಂದಿಮಾಂಸ ಎರಡು ಕೇಜಿ ಕಳಿಸಿದ್ದೇನೆ, ಅದು ಯಾವ ಉತ್ತರ ಬಂದರೂ ನಿಮ್ಮದೇ.

ಕೃತಜ್ಞಳಾದ,
ಲ್ಯಾವ್ ಗ್ವೇಶ್ಯೂ


ಲುವೋಯಾಂಗ್
7 ಏಪ್ರಿಲ್ 2019

ಸೂವೆನ್,

ಲ್ಯಾವ್ ಅವರ ಕಾಗದ ಬಂತು. ಅದನ್ನು ನಿನಗೆ ಹೇಳದೆ ಬರೆದಿದ್ದಾರೆ, ಅವರ ಮೇಲೆ ಸಿಟ್ಟಾಗಬೇಡ. ಅವರು ಕೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಹೇಳು. ಹೃತ್ಪೂರ್ವಕವಾಗಿ ಇದೆ. ಮಾಂಸವನ್ನು ನಿನ್ನ ಅಮ್ಮ ಬೆಳ್ಳುಳ್ಳಿ ಎಲೆ ಹಾಕಿ ಹುರಿದಳು. ನಾನು ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದೆ. ಮುಪ್ಪಿನ ಅನ್ನ ನಿಮ್ಮಿಂದ ಬಂದದ್ದು ಎಂದು ಆಕೆ ಬರೆದಿದ್ದಾರೆ. ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಹೋದ ವರ್ಷ ನಾನು ನಿನಗೆ ಬರೆದದ್ದರಲ್ಲಿ ಗುಮಾಸ್ತ ಬಂದದ್ದು ನಿಜ, ಕಾಗದ ಹಿಡಿದದ್ದು ನಿಜ, ನಾನು ಬೈದದ್ದು ನಿಜ. ಉಳಿದದ್ದು ನಿಜವಲ್ಲ. ಹಿಂದಿನ ಪಾಳಿಯಲ್ಲಿ ದಪ್ಪ ಶಾಫ್ಟುಗಳಿದ್ದವು. ನೀರು ಎಷ್ಟು ಹೊತ್ತು ಬೀಳಬೇಕೆಂದು ಇಡುವ ಗುಂಡಿಯನ್ನು ಮೂರು ಸೆಕೆಂಡಿನಿಂದ ಐದಕ್ಕೆ ತಿರುಗಿಸಿದವನು ನಾನು. ಪಾಳಿ ಮುಗಿದಾಗ ಹಿಂದಕ್ಕೆ ತಿರುಗಿಸಲು ಮರೆತೆ. ಗುಂಡಿಯನ್ನು ಮುಟ್ಟುವ ಅಧಿಕಾರ ಆ ಶೆಡ್ಡಿನಲ್ಲಿ ನನಗೊಬ್ಬನಿಗೇ ಇತ್ತು, ನಿನಗೆ ಇರಲಿಲ್ಲ. ಗುಮಾಸ್ತ ಬರೆಯಲು ಬಂದದ್ದು ನನ್ನ ಹೆಸರನ್ನು. ನಿವೃತ್ತಿಗೆ ಎರಡು ವರ್ಷವಿತ್ತು. ನನಗೆ ಭಯವಾಯಿತು. ನೀನು ಎದುರಿಗೆ ನಿಂತಿದ್ದೆ, ಚಿಕ್ಕವಳು, ತಿರುಗಿ ಮಾತಾಡದವಳು. ತಪ್ಪು ನಿನ್ನದೇ ಎನ್ನುವ ಹಾಗೆ ಬೈದೆ.

ನಿನ್ನ ಕಾಗದದಲ್ಲಿ ಡ್ರಾಯಿಂಗಿನ ವಿಷಯ ಓದಿದಾಗ ನಿಜ ಬರೆಯಬೇಕೆಂದು ಕೂತೆ. ಬರೆಯುತ್ತ ಬರೆಯುತ್ತ ಕೈ ಬೇರೆ ಕಡೆ ಹೋಯಿತು. ನೀನು ಆ ಸುಳ್ಳನ್ನು ನಂಬಿ, ಅದಕ್ಕೆ ಋಣಿಯಾಗಿ, ಇನ್ನೂರು ಜನರ ಮುಂದೆ ಹೋಗಿ ನಿಂತೆ. ನಾನು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಅದು. ಒಬ್ಬ ಹೆಂಗಸಿನ ಪಿಂಚಣಿ ಉಳಿಯಿತು. ಅದು ನಿನ್ನಿಂದ ಉಳಿದದ್ದು, ನನ್ನಿಂದಲ್ಲ. ಅದನ್ನೂ ಲ್ಯಾವ್ ಅವರಿಗೆ ಹೇಳು, ನನ್ನ ಹೆಸರನ್ನು ಊಟದ ಹೊತ್ತಿನಲ್ಲಿ ಬಿಡಲಿ.

ಇವತ್ತು ಬೆಳಿಗ್ಗೆ ಶೆಡ್ಡಿಗೆ ಹೋಗಿ ಆಗ ಇದ್ದವರಲ್ಲಿ ಉಳಿದಿರುವ ಏಳು ಜನರನ್ನು ನಿಲ್ಲಿಸಿ ಇದನ್ನೇ ಹೇಳಿದೆ. ನನ್ನ ಕಿವಿಗೆ ಅವರು ಏನಂದರೋ ಕೇಳಿಸಲಿಲ್ಲ. ಒಬ್ಬ ಬಂದು ಕುರ್ಚಿ ಕೊಟ್ಟ. ಮನಸ್ಸು ಹಗುರವಾಗಿದೆ, ಅದಕ್ಕೆ ನಾನು ನಿನಗೆ ಋಣಿ.

ಎರಡನೇ ಗುರುವಿಗೆ ನನ್ನ ಒಪ್ಪಿಗೆ ಕೇಳಿದರು, ಕೊಟ್ಟೆ. ಈಗ ನಾನು ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ. ಇನ್ನು ಮುಂದೆ ನಿನ್ನ ಗುರು ಎಂದು ಸಹಿ ಹಾಕಬಹುದೇ? ಬೇಡ ಎನ್ನುವುದಾದರೆ ಅದನ್ನೂ ಬರೆ. ನೀನು ಹೇಳುವವರೆಗೆ ಹಾಕುವುದಿಲ್ಲ.

ಕೋ ಬಾವ್‌ಶಾನ್